ಅಟ್ಟ ನೋಡಲು ಬಂದವನು

ತಿಪಟೂರು ಸೀಮೆಯಲ್ಲಿ ಗುರುತಿಲ್ಲದ ಮನೆಗೆ ಹೋಗಿ ಏನು ಬೇಕಾದರೂ ಕೇಳಬಹುದು. ನೀರು ಕೇಳಿದರೆ ಮಜ್ಜಿಗೆ ಕೊಡುತ್ತಾರೆ. ದಾರಿ ಕೇಳಿದರೆ ಊರಾಚೆವರೆಗೂ ಜೊತೆಗೆ ಬಂದು ಬಿಟ್ಟು ಹೋಗುತ್ತಾರೆ. ಆದರೆ "ನಿಮ್ಮ ಅಟ್ಟದಲ್ಲಿ ಎಷ್ಟು ಕಾಯಿ ಇದೆ?" ಎಂದು ಮಾತ್ರ ಕೇಳಬಾರದು. ಆ ಪ್ರಶ್ನೆ ಕೇಳುವ ಹಕ್ಕಿರುವುದು ಹೆಣ್ಣು ಕೊಡಲು ಬಂದವರಿಗೆ. ಗಂಡಿನ ಓದು, ಬಣ್ಣ, ಗುಣ ಎಲ್ಲ ಆಮೇಲೆ, ಮೊದಲು ಅಟ್ಟ. ಸುಮಾರು ಒಂದು ವರ್ಷ ಅಟ್ಟದ ಮೇಲೆ ಒಣಗುತ್ತಾ ಕೊಬ್ಬರಿಯಾಗುವ ತೆಂಗಿನಕಾಯಿ ರಾಶಿ ಎಷ್ಟೆತ್ತರ ಇದೆ ಎಂದು ಕಂಡರೆ ಸಾಕು, ಮನೆಯ ಯೋಗ್ಯತೆ ತಿಳಿದಂತೆ ಎಂದು ನಮ್ಮ ಹಿರಿಯರು ನಂಬಿದ್ದರು.

ರಂಗರಾಜು ಹುಟ್ಟಿದ್ದು ತುರುವೇಕೆರೆ ಕಡೆಯ ಹಳ್ಳಿಯಲ್ಲಿ. ಇದೆಲ್ಲ ಅವನಿಗೆ ಗೊತ್ತಿರಬೇಕಾಗಿತ್ತು. ಆದರೆ ಎಂ.ಕಾಂ.ನಲ್ಲಿ ಫೈನಾನ್ಸ್ ತೆಗೆದುಕೊಂಡು, ಆಮೇಲೆ ಮೂರು ವರ್ಷ ತುಮಕೂರಿನ ರೂಮಿನಲ್ಲಿ ಬ್ಯಾಂಕ್ ಪರೀಕ್ಷೆಗಳಿಗೆ ಓದಿ ಓದಿ ಸವೆದವನ ತಲೆಯಲ್ಲಿ ಇಂಥ ಸಂಗತಿಗಳಿಗೆ ಜಾಗ ಉಳಿದಿರಲಿಲ್ಲ. ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಅವನು ಟೈ ಕಟ್ಟಿಕೊಂಡು, ಹೆಗಲಿಗೆ ಬ್ಯಾಗು ಹಾಕಿಕೊಂಡು, ಕಂಕುಳಲ್ಲಿ ಫೈಲು ಇಟ್ಟುಕೊಂಡು, ಕಿಬ್ಬನಹಳ್ಳಿ ಕ್ರಾಸಿನಿಂದ ಮೂರು ಕಿಲೋಮೀಟರ್ ಒಳಗಿರುವ ಚೌಡೇನಕಟ್ಟೆ ಎಂಬ ಊರಿಗೆ ಬಂದ. ಬೋರಮ್ಮ ಎಂಬಾಕೆಯ ಮನೆ ಮುಂದೆ ನಿಂತು ಕೈಮುಗಿದು, ಆ ಕೇಳಬಾರದ ಪ್ರಶ್ನೆಯನ್ನೇ ಕೇಳಿದ.

"ನಮಸ್ಕಾರ ಅಮ್ಮ. ನಿಮ್ಮ ಅಟ್ಟದಲ್ಲಿ ಎಷ್ಟು ಕಾಯಿ ಇದೆ? ಸ್ವಲ್ಪ ಹತ್ತಿ ನೋಡಬಹುದಾ?"

ಅಂಗಳ ಗುಡಿಸುತ್ತಿದ್ದ ಬೋರಮ್ಮನ ಕೈಯಿಂದ ಪೊರಕೆ ಬಿತ್ತು. ಆಕೆಯ ಮಗ ತಿಮ್ಮರಾಜುವಿಗೆ ಮೂವತ್ತಮೂರು. ನಾಲ್ಕೆಕರೆ ತೋಟ, ಎರಡು ಹಸು, ಒಂದು ಟ್ರಾಕ್ಟರು, ಯಾವ ಚಟವೂ ಇಲ್ಲ. ಆದರೆ ಮಣ್ಣು ಮುಟ್ಟುವ ಹುಡುಗನಿಗೆ ಹೆಣ್ಣು ಕೊಡುವವರು ಈಗ ಎಲ್ಲಿದ್ದಾರೆ? ಐದು ವರ್ಷದಿಂದ ಆ ಮನೆಯ ಅಟ್ಟದ ಬಗ್ಗೆ ಒಂದು ನರಪಿಳ್ಳೆಯೂ ವಿಚಾರಿಸಿರಲಿಲ್ಲ.

"ಅಯ್ಯೋ, ಬನ್ನಿ ಬನ್ನಿ, ಒಳೀಕ್ ಬನ್ನಿ! ಬಿಸ್ಲಲ್ಲಿ ನಿಂತವ್ರಲ್ಲಾ! ಲೇ ತಿಮ್ಮಾ, ಆ ಹೊಸ ಶರಟು ಹಾಕ್ಕೊಂಡ್ ಬಾರ್ಲಾ!"

"ಇಲ್ಲಮ್ಮ, ನಾನು ಗರಿಮುಡಿ ಅಗ್ರಿ ಫೈನಾನ್ಸ್ ಕಂಪನಿಯಿಂದ ಬಂದಿರೋದು. ನೀವು ಹೋದ ತಿಂಗಳು ಹಾಲಿನ ಡೈರಿ ಹತ್ರ ಹೆಸರು ಬರೆಸಿದ್ರಲ್ಲ?"

ಬೋರಮ್ಮನಿಗೆ ಹೆಸರು ಬರೆಸಿದ್ದಕ್ಕೆ ಕೊಟ್ಟ ಸ್ಟೀಲ್ ಲೋಟ ನೆನಪಿತ್ತು, ಹೆಸರು ಬರೆಸಿದ್ದು ಯಾಕೆಂದು ನೆನಪಿರಲಿಲ್ಲ. "ಆಗ್ಲಿ ಬುಡಿ, ಕಂಪ್ನಿಯಿಂದ್ಲೇ ಬಂದ್ರಿ ಅಂದ್ಕೊಳಾನ," ಎಂದು ನಕ್ಕು ಚಾಪೆ ಹಾಸಿದಳು. ಹೆಣ್ಣಿನ ಕಡೆಯವರು ಎಂದಾದರೂ ನಾವು ಹೆಣ್ಣಿನ ಕಡೆಯವರು ಎಂದು ಹೇಳಿಕೊಂಡು ಬರುವುದುಂಟೇ!

ರಂಗರಾಜುವಿಗೆ ಅದು ಹದಿನಾಲ್ಕನೇ ಇಂಟರ್‌ವ್ಯೂ. ಅಂದರೆ ಇಂಟರ್‌ವ್ಯೂ ಅಲ್ಲ, ಪರೀಕ್ಷೆ. ಕೊಬ್ಬರಿಗೆ ಒಳ್ಳೆಯ ಧಾರಣೆ ಬರುವವರೆಗೂ ರೈತರು ಕಾಯಲಿ ಎಂದು, ಅಟ್ಟದ ಮೇಲಿನ ಕಾಯಿಯ ಭರವಸೆಯ ಮೇಲೆ ಮುಂಗಡ ಕೊಡುವ ಕಂಪನಿ ಅದು. ತಿಪಟೂರಿನ ಅದರ ಕಚೇರಿಯಲ್ಲಿ ಇದ್ದದ್ದು ಒಂದೇ ಹುದ್ದೆ. ಮ್ಯಾನೇಜರ್ ಗಿರಿಜಾಂಬಿಕಾ ಮೇಡಂ ಹಿಂದಿನ ದಿನ ಅವನ ಅಂಕಪಟ್ಟಿಯನ್ನು ತೆರೆಯದೆಯೇ ಪಕ್ಕಕ್ಕಿಟ್ಟು ಹೇಳಿದ್ದರು: "ಒಂದೇ ಊರಲ್ಲಿ ಮೂರು ಮನೆ. ಅಟ್ಟ ಹತ್ತಿ ನೋಡಿ. ಕಾಯಿ ಎಷ್ಟಿದೆ, ಹೇಗಿದೆ, ಅದನ್ನ ನೋಡಿಕೊಳ್ಳೋರು ಎಂಥವರು, ಎಲ್ಲ ಬರೆದು ನಾಳೆ ಸಂಜೆ ಆರರೊಳಗೆ ತನ್ನಿ. ಸರಿಹೋದ್ರೆ ಸೋಮವಾರದಿಂದಲೇ ಕೆಲಸ." ಇದೂ ಕೈತಪ್ಪಿದರೆ ಅಮ್ಮಸಂದ್ರದಲ್ಲಿ ಸೋದರಮಾವನ ಸಿಮೆಂಟ್ ಅಂಗಡಿಗೆ ಹೋಗಿ ಮೂಟೆ ಎಣಿಸಿಕೊಂಡು ಕೂರಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಮಾವ ಕುರ್ಚಿಯನ್ನೂ ಒರೆಸಿ ಇಟ್ಟಿದ್ದರು.

ಬೋರಮ್ಮ ಒಂದು ತಟ್ಟೆ ಉಪ್ಪಿಟ್ಟು, ಒಂದು ತಟ್ಟೆ ಕೇಸರಿಬಾತು ತಂದಿಟ್ಟಳು. ತಿಮ್ಮರಾಜು ಹೊಸ ಶರಟಿನಲ್ಲಿ ಎದುರಿಗೆ ಬಂದು ಕೂತು, ನಾಚಿಕೆಯಿಂದ ಚಾಪೆಯ ಕಡ್ಡಿ ಮುರಿಯತೊಡಗಿದ. ರಂಗರಾಜು ತಿಂದ. ಇನ್ನೊಂದು ತಟ್ಟೆ ಬಂತು. ಅದನ್ನೂ ತಿಂದ. ಅಷ್ಟರಲ್ಲಿ ತಲೆಯ ಮೇಲೆ ದಡದಡ ಎಂದು ಏನೋ ಉರುಳಿತು.

"ಅದೇನಮ್ಮ ಸದ್ದು?"

"ಇಲಿ ಕಣಪ್ಪ."

"ಇಲಿ ಅಷ್ಟು ಸದ್ದು ಮಾಡ್ತದಾ?"

"ಕೊಬ್ರಿ ತಿಂದ್ ಬೆಳೆದಿರೋ ಇಲಿ. ಪ್ಯಾಟೆ ಇಲಿ ಥರಾನಾ?"

ಹಿತ್ತಲಲ್ಲಿ ಟ್ರಾಕ್ಟರು ಗುರುಗುಟ್ಟುತ್ತಿತ್ತು, ಹತ್ತು ಹದಿನೈದು ಜನ ಪಿಸುಪಿಸು ಮಾತಾಡುತ್ತಿದ್ದರು. ತಿಮ್ಮರಾಜು ಎರಡು ಸಲ "ಬಂದೆ" ಎಂದು ಎದ್ದು ಹೋಗಿ, ಹೋದಾಗಲೆಲ್ಲ ಮೊದಲಿಗಿಂತ ಹೆಚ್ಚು ಬೆವರಿಕೊಂಡು ಬಂದು ಕೂತ. ಹನ್ನೊಂದೂವರೆಗೆ ಬೋರಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಒಳಬಂದು ಹೇಳಿದಳು: "ಈಗ ಹತ್ತಪ್ಪ. ಧಾರಾಳವಾಗಿ ನೋಡು."

ಏಣಿಯ ಕೊನೆಯ ಮೆಟ್ಟಿಲಿನಿಂದ ತಲೆ ಒಳಗೆ ತೂರಿಸಿದ ಕೂಡಲೇ ರಂಗರಾಜು ಕಂಪನಿಯನ್ನು ಮರೆತುಬಿಟ್ಟ. ಒಣ ಸಿಪ್ಪೆಯ ವಾಸನೆ, ಅದರೊಳಗೆ ಒಲೆಯ ಹೊಗೆ, ಹೆಂಚಿನ ಸಂದಿಯಿಂದ ಇಳಿದ ಬಿಸಿಲಿನ ಪಟ್ಟಿಗಳಲ್ಲಿ ತೇಲುವ ಧೂಳು. ತುರುವೇಕೆರೆ ಕಡೆಯ ಅವರ ಮನೆಯ ಅಟ್ಟವೂ ಹೀಗೆಯೇ ಇತ್ತು. ತಾತ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಹತ್ತುತ್ತಿದ್ದರು. ಮಧ್ಯಾಹ್ನದ ಕಾವಿಗೆ ರಾಶಿಯಲ್ಲಿ ಎಲ್ಲೋ ಒಂದು ಕಾಯಿ ಟಕ್ ಎನ್ನುತ್ತಿತ್ತು. "ಸುಮ್ಕಿರು, ಕಾಯಿ ಮಾತಾಡ್ತಾ ಐತೆ," ಎನ್ನುತ್ತಿದ್ದರು ತಾತ. ಆಮೇಲೆ ಒಂದೊಂದೇ ಕಾಯಿಯನ್ನು ಅವನ ಕಿವಿಯ ಹತ್ತಿರ ಕುಲುಕಿ ಕೇಳಿಸುವರು. ನೀರಿನ ಸದ್ದು ಬಂದರೆ ಇನ್ನೂ ಮಗು. ಸದ್ದೇ ಬರದಿದ್ದರೆ ಮುನಿಸಿಕೊಂಡಿದೆ, ಬಿಡು. ಒಳಗೆ ಒಣಗಿದ ಕೊಬ್ಬರಿ ಗಿಟುಕು ಗುಡುಗುಡು ಎಂದು ಉರುಳಿದರೆ ಮನೆ ನಡೆಸುವ ಮಗ. ತಾತ ಹೋದ ಮೇಲೆ ಮನೆ ಪಾಲಾಯಿತು, ಹೆಂಚು ಇಳಿಸಿ ಆರ್‌ಸಿಸಿ ಹಾಕಿದರು. ಅಟ್ಟ ಕೀಳುವ ದಿನ ರಂಗರಾಜು ಕಾಸ್ಟ್ ಅಕೌಂಟಿಂಗ್ ಪರೀಕ್ಷೆ ಬರೆಯುತ್ತಿದ್ದ. ಬಂದು ನೋಡಲಿಲ್ಲವೆಂಬ ನೋವು ಅವನಿಗೆ ಇವತ್ತಿನವರೆಗೂ ಉಳಿದಿತ್ತು.

ಅವನು ಕಾಯಿ ರಾಶಿಯ ಮೇಲೆ ಕೂತೇಬಿಟ್ಟ. ಒಂದು ಕಾಯಿ ಎತ್ತಿ ಕುಲುಕಿದ. ಇನ್ನೊಂದು ಎತ್ತಿದ. ಕಣ್ಣು ಒದ್ದೆಯಾದವು. ಕೆಳಗೆ ಏಣಿ ಹಿಡಿದು ನಿಂತಿದ್ದ ಬೋರಮ್ಮ, ಕಿಟಕಿಯಲ್ಲಿ ಇಣುಕಿದ್ದ ಮೇಲ್ಬೀದಿಯ ಗಂಗಲಕ್ಷ್ಮಿಗೆ ಪಿಸುಗುಟ್ಟಿದಳು: "ಅಳ್ತಾ ಅವ್ನೆ ಕಣೇ! ಅಷ್ಟು ಕಾಯಿ ನೋಡಿ ಸಂತೋಸ ತಡಿಯಕ್ಕಾಗ್ನಿಲ್ಲ. ಹುಡುಗಿ ಅಣ್ಣನೇ ಇರ್ಬೇಕು."

ಮುಕ್ಕಾಲು ಗಂಟೆ ಕಳೆದ ಮೇಲೆ ರಂಗರಾಜುವಿಗೆ ಪರೀಕ್ಷೆ ನೆನಪಾಯಿತು. ರಾಶಿಯ ಉದ್ದ ಅಗಲ ಎತ್ತರ ಅಳೆದ. ಐದು ಸಾವಿರ ಕಾಯಿ. ಕಂಪನಿ ಕೊಟ್ಟಿದ್ದ ಕೆಂಪು ಸೀಮೆಸುಣ್ಣದ ಕಡ್ಡಿಯಲ್ಲಿ ಸಾಲಿಗೊಂದರಂತೆ ಕಾಯಿಗಳ ಮೇಲೆ 'ಗ' ಎಂದು ಗುರುತು ಮಾಡಿ ಕೆಳಗಿಳಿದ.

"ಬಹಳ ಚೆನ್ನಾಗಿದೆ ಅಮ್ಮ. ಈಗ ಬೆಟ್ಟಸ್ವಾಮಿ ಅನ್ನೋರ ಮನೆ ಎಲ್ಲಿ? ಅವರ ಅಟ್ಟಾನೂ ನೋಡಬೇಕು."

ಬೋರಮ್ಮನ ಮುಖ ಸಣ್ಣಗಾಯಿತು. ಬೆಟ್ಟಸ್ವಾಮಿ ಎದುರು ಮನೆಯವನು. ಅವನ ಮಗನಿಗೂ ಮೂವತ್ತೊಂದು. ಆದರೆ ಆಕೆಯನ್ನು ಕಂಗೆಡಿಸಿದ್ದು ಅದಲ್ಲ. ಬೆಟ್ಟಸ್ವಾಮಿಯ ಅಟ್ಟದಲ್ಲಿದ್ದ ಕಾಯಿಯೆಲ್ಲ ಈಗ ಅವಳ ಅಟ್ಟದಲ್ಲಿತ್ತು.

ಇದಕ್ಕೆ ನಮ್ಮ ಕಡೆ ಮುಯ್ಯಿ ಎನ್ನುತ್ತಾರೆ. ಮದುವೆಗೆ ಮಾಡಿದ ಮುಯ್ಯಿಯನ್ನು ಮದುವೆಯಲ್ಲೇ ತೀರಿಸಬೇಕು, ನಾಟಿಗೆ ಬಂದ ಮುಯ್ಯಾಳಿಗೆ ನಾಟಿಗೇ ಹೋಗಬೇಕು. ಚೌಡೇನಕಟ್ಟೆಯವರು ಇದನ್ನು ಅಟ್ಟಕ್ಕೂ ತಂದಿದ್ದರು. ಒಬ್ಬರ ಮನೆಗೆ ಹೆಣ್ಣಿನ ಕಡೆಯವರು ಬಂದರೆ ಉಳಿದವರು ತಮ್ಮ ಕಾಯಿ ತಂದು ಆ ಅಟ್ಟ ತುಂಬಿಸಬೇಕು. ಬಂದವರು ಊರ ಗಡಿ ದಾಟಿದ ಮೇಲೆ ಎಲ್ಲ ವಾಪಸ್. ಆ ಊರಿನ ಅರ್ಧ ಮದುವೆಗಳು ನಡೆದಿದ್ದು ಹೀಗೇ. ಒಂದೇ ದಿನ ಎರಡು ಮನೆಗೆ ಒಬ್ಬನೇ ಬರಬಹುದೆಂದು ಮಾತ್ರ ಯಾರೂ ಯೋಚಿಸಿರಲಿಲ್ಲ.

ಬೋರಮ್ಮ ಅರೆಗಳಿಗೆಯಲ್ಲಿ ಸುಧಾರಿಸಿಕೊಂಡಳು. "ಹೋಗೀರಂತೆ, ಊಟ ಮಾಡ್ಕೊಂಡ್ ಹೋಗಿ. ಮುದ್ದೆಗೆ ಎಸರು ಇಟ್ಟಿವ್ನಿ. ಉಣ್ಣದಂಗ್ ಹೋದ್ರೆ ನನ್ನಾಣೆ." ಅಷ್ಟು ಹೇಳಿ ಹಿತ್ತಲಿಗೆ ಹೋದಳು. ತಲೆಯ ಮೇಲೆ ಇಲಿಗಳು ಮತ್ತೆ ಓಡಾಡತೊಡಗಿದವು, ಈ ಸಲ ಹೊರಗಿನ ಕಡೆಗೆ.

ಮುದ್ದೆ ಉಂಡು ಎರಡು ಗಂಟೆಗೆ ಬೆಟ್ಟಸ್ವಾಮಿಯ ಮನೆಗೆ ಹೋದರೆ ಅಲ್ಲೂ ಕೇಸರಿಬಾತು ಕಾದಿತ್ತು. ರಂಗರಾಜು ಕೈಮುಗಿದು ಬೇಡಿಕೊಂಡ. ಬೆಟ್ಟಸ್ವಾಮಿ ಬಿಡಲಿಲ್ಲ. "ಬೋರಮ್ಮನ್ ಮನೇಲಿ ಎರಡ್ ತಟ್ಟೆ ತಿಂದ್ರಂತೆ. ನಮ್ಮನೇದೇನ್ ಇಸಾನಾ?" ಎಂದ. ತಿಂದು, ಟೈ ಸಡಿಲಿಸಿ, ಉಸಿರು ಬಿಡುತ್ತಾ ಅಟ್ಟ ಹತ್ತಿದ ರಂಗರಾಜುವಿಗೆ ಮೊದಲ ಸಾಲಿನಲ್ಲೇ ಒಂದು ಕಾಯಿ ಕಂಡಿತು. ಅದರ ಮೇಲೆ ಕೆಂಪು ಅಕ್ಷರದಲ್ಲಿ 'ಗ' ಎಂದಿತ್ತು. ಪಕ್ಕದ ಸಾಲಿನಲ್ಲಿ ಇನ್ನೊಂದು. ಹಿಂದೆ ಮತ್ತೊಂದು. ಎಲ್ಲವೂ ಅವನದೇ ಕೈಬರಹ.

"ಯಜಮಾನ್ರೇ, ಇವು ಬೋರಮ್ನೋರ ಕಾಯಲ್ವಾ?"

ಬೆಟ್ಟಸ್ವಾಮಿ ಸುಳ್ಳು ಹೇಳಲು ಬಾಯಿ ತೆರೆದ. ಆದರೆ ಅವನಿಗೆ ಆ ವಿದ್ಯೆ ಅಭ್ಯಾಸವಿರಲಿಲ್ಲ. "ಬೋರಮ್ಮಂದೂ ಐತೆ, ನಂದೂ ಐತೆ, ಗಂಗಲಕ್ಷ್ಮಿದೂ ಐತೆ," ಎಂದು ತಲೆ ಕೆರೆದುಕೊಂಡು ಎಲ್ಲ ಹೇಳಿಬಿಟ್ಟ. "ಬೇಜಾರ್ ಮಾಡ್ಕಬೇಡಿ. ಹುಡುಗಿ ಮನೇಲಿ ಮಾತ್ರ ಹೇಳ್ಬೇಡಿ."

"ನಾನು ಹುಡುಗಿ ಕಡೆಯೋನಲ್ಲ ಕಣ್ರೀ! ಕಂಪನಿಯೋನು! ನೋಡಿ, ಕಂಪನಿ ಕೊಟ್ಟ ಪತ್ರ!"

"ಹೋದ್ ವರ್ಸ ಬಂದಿದ್ದೋರು ಕರೆಂಟ್ ಮೀಟ್ರು ಓದಕ್ ಬಂದಿವ್ನಿ ಅಂದ್ರು. ಮೀಟ್ರು ನೋಡ್ದೆ ಅಟ್ಟಾನೇ ನೋಡ್ತಾ ನಿಂತಿದ್ರು. ನಮಗೆ ಗೊತ್ತಾಗಲ್ವಾ ಸ್ವಾಮಿ!"

ರಂಗರಾಜು ಹಣೆ ಚಚ್ಚಿಕೊಂಡು ಕೆಳಗಿಳಿದ. ಉಳಿದಿದ್ದು ಗಂಗಲಕ್ಷ್ಮಿಯ ಮನೆ, ಬೀದಿಯ ಮೇಲ್ತುದಿಯಲ್ಲಿ. ಅವನು ನಡೆದು ಹೋಗುವಷ್ಟರಲ್ಲಿ ತಿಮ್ಮರಾಜುವಿನ ಟ್ರಾಕ್ಟರು ಬೆಟ್ಟಸ್ವಾಮಿಯ ಹಿತ್ತಲಿನಿಂದ ಮೊದಲ ಲೋಡು ತುಂಬಿಕೊಂಡು ಹೊರಟೇಬಿಟ್ಟಿತ್ತು. ಗುಟ್ಟು ರಟ್ಟಾದ ಸುದ್ದಿ ಇನ್ನೂ ಹಿತ್ತಲಿಗೆ ಮುಟ್ಟಿರಲಿಲ್ಲ. ಏರಿನಲ್ಲಿ ಟ್ರೇಲರ್‌ನ ಟೈರು ಢಮಾರೆಂದಿತು. ಹಿಂಬದಿಯ ಹಲಗೆ ಬಿಚ್ಚಿಕೊಂಡು ಸಾವಿರಾರು ಕಾಯಿಗಳು ಇಳಿಜಾರಿನಲ್ಲಿ ಉರುಳಿದವು. ಕೋಳಿಗಳು ಚೆಲ್ಲಾಪಿಲ್ಲಿಯಾದವು, ಒಂದು ಎಮ್ಮೆ ಹಗ್ಗ ಕಿತ್ತುಕೊಂಡಿತು. ರಂಗರಾಜು ದಾರಿ ಮಧ್ಯೆ ಎರಡೂ ಕೈ ಚಾಚಿ ಕಾಯಿಗಳನ್ನು ತಡೆಯಲು ನಿಂತ. ಕಾಯಿಗಳು ಅವನನ್ನೂ ಸೇರಿಸಿಕೊಂಡು ಉರುಳಿದವು.

ಚರಂಡಿಯಿಂದ ಅವನನ್ನು ಎತ್ತಿದ್ದು ಬೋರಮ್ಮ. ಟೈ ಹಿಂಡಿ, ಮುಖ ಒರೆಸಿ, "ಪೆಟ್ಟಾಯ್ತೇನಪ್ಪ?" ಎಂದಳು. ಅವನಿಗೆ ಅಳು ಬಂತು. ಅಲ್ಲೇ ಬೇಲಿ ಪಕ್ಕ ಕೂತು ಎಲ್ಲ ಹೇಳಿಕೊಂಡ. ಹದಿನಾಲ್ಕು ಇಂಟರ್‌ವ್ಯೂ, ಒಂದೇ ಹುದ್ದೆ, ಮಾವನ ಸಿಮೆಂಟ್ ಅಂಗಡಿ. ಚರಂಡಿಗೆ ಬಿದ್ದೆದ್ದು ಸುಳ್ಳು ಹೇಳುವ ಹೆಣ್ಣಿನ ಕಡೆಯವರು ಇರಲಾರರೆಂದು ಬೋರಮ್ಮನಿಗೆ ಆಗ ನಂಬಿಕೆ ಬಂತು. ತಿಮ್ಮರಾಜುವಿನ ಕಡೆ ತಿರುಗಿ ನೋಡಿದಳು. ಮಗನ ಹೊಸ ಶರಟಿನ ತುಂಬ ಗ್ರೀಸು ಮೆತ್ತಿತ್ತು.

"ಹೋಗ್ಲಿ ಬುಡು. ನನ್ ಮಗಂಗೆ ಇನ್ನೊಂದ್ ದಿನ ಯಾರಾದ್ರೂ ಬತ್ತಾರೆ," ಎಂದಳು. "ನೀನು ನಿಜಾನೇ ಬರ್ಕೊಳಪ್ಪ. ಸುಳ್ ಬರ್ದು ಕೆಲ್ಸ ತಕಬೇಡ. ಆದ್ರೆ ಒಂದು. ಕಾಯಿ ತಂದಿದ್ದು ಬರ್ದಂಗೇ ವಾಪಸ್ ಕೊಟ್ಟಿದ್ದೂ ಬರಿ. ನಿಂತ್ಕೊಂಡ್ ನೋಡು."

ಅವನು ಗಂಗಲಕ್ಷ್ಮಿಯ ಮನೆಯ ಜಗಲಿಯ ಮೇಲೆ ಕೂತು ನೋಡಿದ. ಬೋರಮ್ಮ ಬೀದಿ ಮಧ್ಯೆ ನಿಂತಳು. ಊರಿನವರು ಕಾಯಿ ಎತ್ತಿ ತೋರಿಸುತ್ತಿದ್ದರು, ಅವಳು ಬೆರಳು ತೋರಿಸುತ್ತಿದ್ದಳು. ದುಂಡಗಿದ್ದರೆ ಕೆಮ್ಮಣ್ಣಿನ ತೋಟದ್ದು, ಬೆಟ್ಟಸ್ವಾಮಿಗೆ. ಉದ್ದಕ್ಕಿದ್ದರೆ ಗಂಗಲಕ್ಷ್ಮಿಗೆ. ಹೊಗೆ ವಾಸನೆ ಇದ್ದರೆ ಒಲೆ ಮೇಲಿನ ಅಟ್ಟದ್ದು, ಅವಳ ಮನೆಯದು. ಅನುಮಾನ ಬಂದದ್ದನ್ನು ಮಾತ್ರ ಕೈಗೆ ತೆಗೆದುಕೊಂಡು ಕಿವಿಗೆ ಹಿಡಿದು ಕುಲುಕುತ್ತಿದ್ದಳು. ಕುಲುಕುವಾಗ ಕಣ್ಣು ಮುಚ್ಚುತ್ತಿದ್ದಳು, ಥೇಟ್ ತಾತನ ಹಾಗೆಯೇ. ಒಂದೂವರೆ ಗಂಟೆಯಲ್ಲಿ, ಬೀದಿಯದೂ ಅಟ್ಟದಲ್ಲಿ ಉಳಿದದ್ದೂ ಸೇರಿ, ಮೂರು ಮನೆಯ ಕಾಯಿ ಮೂರು ಮನೆ ಸೇರಿತು. ಒಂದು ಚೀಟಿಯಿಲ್ಲ, ಒಂದು ತಕರಾರಿಲ್ಲ. ಕೊನೆಗೆ ಬೆಟ್ಟಸ್ವಾಮಿಗೆ ನಾಲ್ಕು ಕಾಯಿ ಕಡಿಮೆ ಬಂತು.

"ಆ ನಾಲ್ಕು ಈ ಹುಡ್ಗನ್ ಬ್ಯಾಗಲ್ಲಿ ಅವೆ," ಎಂದಳು ಬೋರಮ್ಮ. "ಬರಿಗೈಲಿ ಕಳಿಸ್ಬಾರ್ದು ಅಂತ ನಾನೇ ಇಟ್ಟೆ. ನನ್ ರಾಶಿಯಿಂದ ನಾಲ್ಕು ತಕೊಳ್ಲಾ ಬೆಟ್ಟಸ್ವಾಮಿ."

ರಂಗರಾಜುವಿಗೆ ಎದೆ ತುಂಬಿ ಬಂತು. ಎಷ್ಟು ವರ್ಷವಾಗಿತ್ತು ಇಂಥದ್ದನ್ನು ನೋಡಿ! ಅವನು ಫೈಲು ತೆರೆದು ಬರೆಯಲು ಶುರುಮಾಡಿದವನು ಕಿಬ್ಬನಹಳ್ಳಿ ಬಸ್‌ಸ್ಟಾಪಿನಲ್ಲೂ ಬರೆದ, ತಿಪಟೂರಿನ ಬಸ್ಸಿನಲ್ಲಿ ತೊಡೆಯ ಮೇಲೆ ಹಾಳೆ ಇಟ್ಟುಕೊಂಡೂ ಬರೆದ. ಮೂರು ಅಟ್ಟದಲ್ಲಿ ಹದಿನೈದು ಸಾವಿರ ಕಾಯಿ ಇರುವಂತೆ ತೋರಿಸಲು ಹೊರಟಿದ್ದರೂ ನಿಜವಾಗಿ ಇರುವುದು ಐದೇ ಸಾವಿರ. ಗುರುತು ಹಾಕಿದ್ದರಿಂದ ಪತ್ತೆಯಾಯಿತು. ಇದನ್ನು ಎರಡು ಪುಟದಲ್ಲಿ ಫೈನಾನ್ಸ್ ಭಾಷೆಯಲ್ಲಿ ಬರೆದ. ಉಳಿದ ಐದು ಪುಟ ಬೋರಮ್ಮನದು. ಅವಳು ಹೇಳಿದಂತೆ ಒಂದನ್ನೂ ಬಿಡಲಿಲ್ಲ.

ಆರಕ್ಕೆ ಐದು ನಿಮಿಷವಿರುವಾಗ, ಮೈಯೆಲ್ಲ ಕೆಸರು ಮೆತ್ತಿಕೊಂಡು ಅವನು ಗಿರಿಜಾಂಬಿಕಾ ಮೇಡಂ ಮುಂದೆ ನಿಂತ. ಅವರು ಮೊದಲೆರಡು ಪುಟ ಸರಸರ ತಿರುವಿದರು. ಮೂರನೇ ಪುಟಕ್ಕೆ ಕನ್ನಡಕ ಹಾಕಿಕೊಂಡರು. ಐದನೇ ಪುಟದಲ್ಲಿ ನಕ್ಕರು. ಏಳನೇ ಪುಟ ಮುಗಿಸಿ ಎದ್ದು ನಿಂತೇಬಿಟ್ಟರು.

"ರಂಗರಾಜು, ಇಂಥ ರಿಪೋರ್ಟು ನಾನು ನೋಡೇ ಇಲ್ಲ. ಆರು ತಿಂಗಳಿಂದ ಈ ಒಂದು ಪೋಸ್ಟಿಗೆ ಹುಡುಕ್ತಿದೀನಿ. ಇವತ್ತಿಗೆ ಮುಗೀತು."

ರಂಗರಾಜುವಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಾವನಿಗೆ ಫೋನು ಮಾಡಿ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡ.

"ನಂಬರ್ ಹೇಳಿ, ಈಗಲೇ ಫೋನ್ ಮಾಡೋಣ," ಎಂದರು ಮೇಡಂ.

"ನನ್ನ ನಂಬರ್ ಅರ್ಜಿಯಲ್ಲೇ ಇದೆ ಮೇಡಂ."

"ನಿಮ್ಮದಲ್ಲ ರೀ. ಬೋರಮ್ಮನದು."

ರಂಗರಾಜು ರಿಪೋರ್ಟಿನ ಮೊದಲೆರಡು ಪುಟ ತಿರುವಿ ತೋರಿಸಿದ. "ಮೇಡಂ, ಆಕೆ ಮೋಸ ಮಾಡಿದ್ದು..." ಎಂದ.

"ಕಂಪನಿಗಲ್ಲವಲ್ಲ, ಬೀಗರಿಗೆ ತಾನೇ? ಬೀಗರಿಂದ ಒಂದಾದರೂ ಮುಚ್ಚಿಡದೆ ಯಾರ ಮದುವೆ ಆಗಿದೆ ಹೇಳಿ. ನನ್ನದೂ ಮುಚ್ಚಿಟ್ಟೇ ಆಗಿದ್ದು." ಮೇಡಂ ಕೂತು, ಮೆಲ್ಲಗೆ ಹೇಳಿದರು: "ಬೇಜಾರು ಮಾಡ್ಕೋಬೇಡಿ. ನನ್ನ ಟೇಬಲ್ ಮೇಲೆ ಎಂ.ಕಾಂ., ಎಂ.ಬಿ.ಎ. ಅರ್ಜಿ ನಲವತ್ತಿದೆ. ಹಾಳೆ ಮೇಲೆ ಎಲ್ಲರಿಗೂ ಲೆಕ್ಕ ಬರುತ್ತೆ. ಆದ್ರೆ ಒಂದು ಮಾತಿಗೆ ಊರಿನವರೆಲ್ಲ ತಮ್ಮ ಕಾಯಿ ತಂದು ಸುರೀತಾರೆ, ಸಂಜೆಗೆ ಅವರವರ ಕಾಯಿ ಅವರವರಿಗೆ ಸೇರುತ್ತೆ ಅಂದ್ರೆ, ಅಂಥ ನಂಬಿಕೆ ಯಾವ ಕಾಲೇಜಲ್ಲಿ ಕಲಿಸ್ತಾರೆ? ಇದನ್ನೆಲ್ಲ ನೀವೇ ಬರೆದಿದೀರಿ. ಎಷ್ಟು ಚೆನ್ನಾಗಿ ಬರೆದಿದೀರಿ ಅಂದ್ರೆ, ಬೇರೆಯವರನ್ನ ತಗೊಳ್ಳೋಕೆ ನನಗೆ ಮನಸ್ಸೇ ಬರ್ತಿಲ್ಲ."

ಫೋನು ಸ್ಪೀಕರಿನಲ್ಲಿ ಹೋಯಿತು. ಬೋರಮ್ಮ ಮೊದಲು ನಂಬಲಿಲ್ಲ, ಆಮೇಲೆ ಒಪ್ಪಿದಳು. ಅರ್ಜಿ ತುಂಬುವವರು ಯಾರು ಎಂಬ ಮಾತು ಬಂದಾಗ ಮೇಡಂ ರಂಗರಾಜುವಿನ ಕಡೆ ನೋಡಿದರು. "ನಿಮ್ಮ ಅಕ್ಷರ ಮುತ್ತಿನ ಹಾಗಿದೆ," ಎಂದರು.

ರಂಗರಾಜು ಪೆನ್ನು ತೆಗೆದ. "ಬೋರಮ್ನೋರೇ, ಎಷ್ಟು ಓದಿದೀರಿ?"

"ಎರಡ್ನೇ ಕ್ಲಾಸು ಕಣಪ್ಪ. ಅದೂ ತೋಟದಲ್ಲಿ ಕೆಲ್ಸ ಇಲ್ದಿದ್ ದಿನ."

ಬರೆದ. ಅನುಭವ ಎಂಬಲ್ಲಿ ನಲವತ್ತು ವರ್ಷ ಎಂದು ಬರೆದ. ಬರೆಯುತ್ತಾ ಬರೆಯುತ್ತಾ ಅವನಿಗೆ ಸಿಟ್ಟು ಬರಲಿಲ್ಲ. ತಾತ ಇದ್ದು ಅರ್ಜಿ ಹಾಕಿದ್ದರೆ ಅವರಿಗೂ ಈ ಕೆಲಸ ಸಿಗುತ್ತಿತ್ತು, ಮೊಮ್ಮಗನಿಗೆ ಸಿಗುತ್ತಿರಲಿಲ್ಲ ಎನಿಸಿತು. ಕೊನೆಯ ಸಾಲಿನಲ್ಲಿ 'ಶಿಫಾರಸು ಮಾಡಿದವರ ಹೆಸರು ಮತ್ತು ಸಹಿ' ಎಂದಿತ್ತು. ಅವನು ಮೇಡಂ ಮುಖ ನೋಡಿದ. ಅವರು ತಲೆಯಾಡಿಸಿದರು. ರಂಗರಾಜು, ಎಂ.ಕಾಂ. ಎಂದು ಬರೆದು ಸಹಿ ಹಾಕಿದ.

ಮೇಡಂ ಹಾಳೆಯನ್ನು ತಿರುಗಿಸಿಕೊಂಡು ಒಮ್ಮೆ ಓದಿ, ಮತ್ತೆ ಅವನ ಮುಂದಿಟ್ಟರು.

"ಬ್ರಾಕೆಟ್‌ನಲ್ಲಿ ಫೈನಾನ್ಸ್ ಅಂತ ಸೇರಿಸಿ. ಹೆಡ್ ಆಫೀಸಿನವರು ನೋಡ್ತಾರೆ, ಆಕೆ ಅರ್ಜಿಗೆ ಒಂದು ತೂಕ ಬರುತ್ತೆ."